‘ಬ್ಲೇಡ್ ರನ್ನರ್’ ನೀರಸವೆನಿಸಿದ್ದಕ್ಕೆ ಕಾರಣ

ಪುಣೆಯ ಗೆಳೆಯರೆಲ್ಲ ಮೆಚ್ಚಿದ ‘ಬ್ಲೇಡ್ ರನ್ನರ್’ ಎಂಬ ಇಂಗ್ಲಿಷ್ ಚಿತ್ರವನ್ನು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ನೋಡಿದಾಗ ನಾಯಕನೇ ಎಲ್ಲವನ್ನೂ ವಿವರಿಸುತ್ತ ಬೇಸರ ತರಿಸಿದ ಎಂದಿದ್ದೀರಿ. ಆ ವಿವರಣೆಯ ದನಿಯೇ ನೀವು ನೋಡಿದ್ದು 1982ರ ಮೊದಲ ಆವೃತ್ತಿ ಎಂಬುದನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಕೊನೆಯಲ್ಲಿ ಕಾರು ಹಸಿರು ಬೆಟ್ಟಗಳ ನಡುವೆ ಸಾಗಿದ್ದರೆ ಸಂಶಯವೇ ಬೇಡ. ಆ ದನಿಯನ್ನೂ ಸುಖಾಂತ್ಯವನ್ನೂ 1992ರ ಆವೃತ್ತಿಯಲ್ಲಿ ತೆಗೆಯಲಾಯಿತಾದರೂ, ನಿರ್ದೇಶಕ ರಿಡ್ಲಿ ಸ್ಕಾಟ್ ಪೂರ್ಣ ಸ್ವಾತಂತ್ರ್ಯದಿಂದ ರೂಪಿಸಿದ್ದು 2007ರ ‘ಫೈನಲ್ ಕಟ್’ ಮಾತ್ರ.

ಮತ್ತೊಮ್ಮೆ ನೋಡುವಾಗ ಅದನ್ನೇ ಆರಿಸಿ; ಮೊದಲು ಶೀರ್ಷಿಕೆಯ ಜೊತೆಗೆ ‘ಫೈನಲ್ ಕಟ್’ ಎಂಬ ಹೆಸರಿದೆಯೇ ಎಂದು ನೋಡಿಕೊಳ್ಳಿ. ಮೂರೂ ಆವೃತ್ತಿಗಳು 117 ನಿಮಿಷಗಳ ಆಸುಪಾಸಿನಲ್ಲೇ ಇರುವುದರಿಂದ ಅವಧಿಯಿಂದ ಗುರುತಿಸಲಾಗದು. ಬಳಿಕ ಮೂಲ ಇಂಗ್ಲಿಷ್ ಧ್ವನಿಯನ್ನೇ ಆರಿಸಿಕೊಂಡು, ರಾತ್ರಿ ದೀಪವಾರಿಸಿ, ಹೆಡ್‌ಫೋನ್ ಹಾಕಿಕೊಂಡು ನೋಡಿ. ಚಿತ್ರದ ಬಹುಭಾಗ ಕತ್ತಲೆ ಮತ್ತು ಮಳೆಯಲ್ಲಿ ನಡೆಯುತ್ತದೆ; ವ್ಯಾಂಜೆಲಿಸ್ ಅವರ ಸಂಗೀತ ಕಥೆ ನಡೆಯುವ ನಗರವನ್ನು ಕಟ್ಟುವ ರೀತಿ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲಿ ತಿಳಿಯುವುದಿಲ್ಲ.

ಬಿರುಸಾದ ಹೊಡೆದಾಟವನ್ನು ಬಯಸುವವರಾದರೆ ಇದೂ ನಿಧಾನವೆನಿಸಬಹುದು, ಹಿಡಿಸಿಯೇ ತೀರುತ್ತದೆಂದು ಭರವಸೆ ಕೊಡಲಾರೆ. ಆದರೂ ಮಳೆಯಲ್ಲಿ ಕುಳಿತ, ನಾಯಕನ ಎದುರಾಳಿ ರಾಯ್ ಕೊನೆಯ ಮಾತುಗಳನ್ನಾಡಿದ ಮೇಲಿನ ಮೌನವನ್ನು, ಯಾರ ವಿವರಣೆಯೂ ಕದಡದಂತೆ, ಒಮ್ಮೆ ಅನುಭವಿಸಿದ ಬಳಿಕವೇ ತೀರ್ಮಾನಕ್ಕೆ ಬನ್ನಿ.