ಲಿನಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ಕಾಪಿ ಮಾಡುವಾಗ ಕೊನೆಗೆ ಬಂದು ನಿಂತುಬಿಡುತ್ತದೆ. ಫೈಲು, ಫೋಲ್ಡರ್ ತೆರೆದು ನೋಡುವ ಫೈಲ್ ಮ್ಯಾನೇಜರ್ ಆಗಿ ನಾಟಿಲಸ್ ಬಿಟ್ಟು ಡಾಲ್ಫಿನ್, ಥುನಾರ್ ಅಥವಾ ನೆಮೋ ಹಾಕಿಕೊಳ್ಳಲಾ?

ಹಾಕಿಕೊಳ್ಳಿ, ಆದರೆ ಈ ತೊಂದರೆ ಅದರಿಂದ ಹೋಗುವುದಿಲ್ಲ. ನಾನೂ ಇದೇ ಕಾರಣಕ್ಕೆ ನಾಟಿಲಸ್‌ನಿಂದ ಥುನಾರ್‌ಗೆ, ಅಲ್ಲಿಂದ ನೆಮೋಗೆ ಹೋದವನು. ನೆಮೋದಲ್ಲಿ ಒಂದು ದಿನ ಎಲ್ಲೂ ನಿಲ್ಲದೆ ಸರ್ರನೆ ಮುಗಿಯಿತು. ಅಬ್ಬಾ, ಸರಿಯಾದದ್ದು ಸಿಕ್ಕಿತು ಅಂದುಕೊಂಡೆ.

ಅವತ್ತು ಕಳಿಸುತ್ತಿದ್ದದ್ದು ನಮ್ಮ ಅಜ್ಜಿ ಸೋಬಾನೆ ಹಾಡುವ ವಿಡಿಯೋಗಳು. ಚಿಕ್ಕಮ್ಮನ ಮಗ ಊರಿಗೆ ಹೊರಟಿದ್ದ, ಬಸ್ಸಿನ ಹೊತ್ತಾಗಿತ್ತು. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಕಾಪಿ ಬದಲು ಕಟ್ ಮಾಡಿ ಪೇಸ್ಟ್ ಮಾಡಿದೆ. ಪರದೆಯ ಮೇಲಿನ ಕಾಪಿಯ ಕಿಟಕಿ ಮುಚ್ಚಿಕೊಂಡಿತು, ಪೆನ್‌ಡ್ರೈವ್ ಕಿತ್ತು ಅವನ ಕೈಗೆ ಕೊಟ್ಟೆ. ರಾತ್ರಿ ಊರಿಂದ ಫೋನು. ಫೈಲುಗಳ ಹೆಸರು ಇವೆ, ಅರ್ಧಕ್ಕರ್ಧ ಸೊನ್ನೆ ಬೈಟು.

ಆಗಿದ್ದೇನು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಫೈಲ್ ಮ್ಯಾನೇಜರ್ ಬರೆದದ್ದು ನೇರವಾಗಿ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಟುಕೊಂಡು, ಆಮೇಲೆ ನಿಧಾನವಾಗಿ ಇಳಿಸುತ್ತದೆ. ಬಳಕೆಗೆ ಸಿಗುವ ರ‍್ಯಾಮ್‌ನಲ್ಲಿ ಸುಮಾರು ಶೇ 20ರಷ್ಟನ್ನು ಹೀಗೆ ಬಾಕಿ ಉಳಿಸಿಕೊಳ್ಳಬಹುದು ಅನ್ನುವುದು ಮಾಮೂಲಿ ಮಿತಿ. 8 ಜಿಬಿ ಯಂತ್ರದಲ್ಲಿ ಒಂದು ಜಿಬಿಗೂ ಮೀರಿ ಆಯಿತು. ಆ ಮಿತಿಯೊಳಗಿನ ಫೈಲುಗಳಾದರೆ ಕಾಪಿ ಕ್ಷಣದಲ್ಲಿ ಮುಗಿದಂತೆ ಕಾಣುತ್ತದೆ. ಮೀರಿದರೆ ನಿಮಗಾದಂತೆ ಓಡಿ ಓಡಿ ನಿಲ್ಲುತ್ತದೆ, ಪೆನ್‌ಡ್ರೈವ್‌ನ ನಿಜವಾದ ವೇಗ ಆಗ ಗೊತ್ತಾಗುತ್ತದೆ. ನೆಮೋ ವೇಗವಾಗಿ ಕಂಡದ್ದಕ್ಕೆ ಕಾರಣ ಇಷ್ಟೇ, ಅವತ್ತಿನ ಫೈಲುಗಳು ಕಡಿಮೆ ಇದ್ದವು. ಅಂಚೆ ಡಬ್ಬಿಗೆ ಹಾಕಿದ ಕಾಗದ ಊರು ಮುಟ್ಟಿತು ಅಂತ ಲೆಕ್ಕ ಹಾಕಿದೆ ನಾನು.

ಕಟ್ ಮಾಡಿದ್ದು ಇನ್ನೂ ಕೆಟ್ಟದಾಯಿತು. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಟ್ ಮಾಡುವುದು ಅಂದರೆ ಕಾಪಿ ಮಾಡಿ ಮೂಲವನ್ನು ಅಳಿಸುವುದು. ಕಾಪಿ ಇನ್ನೂ ರ‍್ಯಾಮ್‌ನಲ್ಲಿ ಇರುವಾಗಲೇ ಮೂಲ ಅಳಿಸಿಹೋಗಿತ್ತು. ಅಳಿಸಿಹೋದ ಫೈಲು ಹುಡುಕಿಕೊಡುವ ಫೋಟೋರೆಕ್ ಓಡಿಸಿದೆ. ಕೆಲವು ಫೈಲು ಹೆಸರಿಲ್ಲದೆ ಸಿಕ್ಕವು, ಮಿಕ್ಕವು ಹೋದವು. ಅಜ್ಜಿ ಈಗ ಹಾಡುವ ಸ್ಥಿತಿಯಲ್ಲಿಲ್ಲ.

ಅದಕ್ಕೇ ಹೇಳುವುದು, ಹೊರಗಿನ ಡಿಸ್ಕಿಗೆ ಕಟ್ ಮಾಡಲೇಬೇಡಿ. ಕಾಪಿ ಮಾಡಿ, ಇಜೆಕ್ಟ್ ಒತ್ತಿ, ತೆಗೆಯಬಹುದು ಅನ್ನುವ ಸೂಚನೆ ಬರುವವರೆಗೆ ಕಾಯಿರಿ. ಮತ್ತೆ ಚುಚ್ಚಿ ಒಂದೆರಡು ಫೈಲು ತೆರೆದು ನೋಡಿ, ಆಮೇಲೆ ಮೂಲ ಅಳಿಸಿ. ಆದೇಶ ಟೈಪ್ ಮಾಡುವ ಟರ್ಮಿನಲ್ ಅಭ್ಯಾಸ ಇದ್ದರೆ ಸಿಂಕ್ (sync) ಅಂತ ಆದೇಶ ಕೊಡಿ, ಬಾಕಿ ಇರುವುದೆಲ್ಲ ಇಳಿದ ಮೇಲೇ ಅದು ಮುಗಿಯುತ್ತದೆ. ಎಷ್ಟು ಬಾಕಿ ಇದೆ ಅಂತ ಪ್ರೋಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲಿನಲ್ಲಿ (/proc/meminfo) ಡರ್ಟಿ (Dirty) ಅನ್ನುವ ಸಾಲು ತೋರಿಸುತ್ತದೆ. ಅದು ಇಳಿಯುತ್ತಾ ಹೋಗುವುದನ್ನು ಒಮ್ಮೆ ನೋಡಿ, ಇಜೆಕ್ಟ್ ಯಾಕೆ ತಡ ಮಾಡುತ್ತದೆ ಅಂತ ಅರ್ಥವಾಗುತ್ತದೆ.

ಫೈಲ್ ಮ್ಯಾನೇಜರ್ ಬದಲಿಸುವುದಾದರೆ ಬೇರೆ ಕಾರಣಕ್ಕೆ ಬದಲಿಸಿ. ನನಗೆ ಡಾಲ್ಫಿನ್ನೇ ಇಷ್ಟ. ಎಫ್3 ಒತ್ತಿದರೆ ಎರಡು ಫೋಲ್ಡರ್ ಅಕ್ಕಪಕ್ಕ, ಎಫ್4 ಒತ್ತಿದರೆ ಅದೇ ಫೋಲ್ಡರಿನಲ್ಲಿ ಟರ್ಮಿನಲ್. ಎರಡು ಭಾಗ ಮಾಡಿ ನೋಡುವ ಸೌಲಭ್ಯವನ್ನು ನಾಟಿಲಸ್ 2012ರಲ್ಲೇ ತೆಗೆದುಹಾಕಿತು, ಆ ಹಳೆಯ ನಾಟಿಲಸ್‌ನಿಂದಲೇ ಕವಲೊಡೆದ ನೆಮೋದಲ್ಲಿ ಅದು ಇನ್ನೂ ಇದೆ. ಹಳೆಯ ಲ್ಯಾಪ್‌ಟಾಪ್ ಆದರೆ ಥುನಾರ್ ಸಾಕು, ರಾಶಿ ಫೋಟೋಗಳ ಹೆಸರು ಒಟ್ಟಿಗೆ ಬದಲಿಸಲು ಅದರಷ್ಟು ಸಲೀಸು ನನಗೆ ಬೇರೆ ಸಿಕ್ಕಿಲ್ಲ. ನಾಟಿಲಸ್ ನಿಮಗೆ ಒಗ್ಗಿದ್ದರೆ ಅದನ್ನೇ ಇಟ್ಟುಕೊಳ್ಳಿ.