ಎಲ್‌ಕೆಜಿಯಲ್ಲಿ ಬರೀ ಆಟ ಆಡಿಸುತ್ತಾರೆ, ಮಗು ಕಲಿಯೋದೇನು?

ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ ಸೇರಿ ಐದು ತಿಂಗಳಾಯ್ತು, ಇನ್ನೂ ಎಬಿಸಿಡಿ ಬರೆಯಲು ಬರಲ್ಲ, ಕೇಳಿದರೆ "ಇವತ್ತು ಮಣ್ಣಲ್ಲಿ ಆಡಿದ್ವಿ" ಅಂತಾಳೆ, ಪಕ್ಕದ ಮನೆ ಹುಡುಗ ನೂರರ ತನಕ ಬರೆಯುತ್ತಾನೆ, ಶಾಲೆ ಬದಲಿಸಬೇಕಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಹದಿಮೂರು ವರ್ಷದಿಂದ ಇದೇ ವಯಸ್ಸಿನ ಮಕ್ಕಳಿಗೆ ಟೀಚರ್. ನೀವು ಹೇಳಿದ್ದಿಷ್ಟೇ ಕಾರಣವಾದರೆ ಬದಲಿಸಬೇಡಿ.

ಮೊದಲು ಬರವಣಿಗೆ ವಿಷಯ. ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮೂರೂವರೆ ವರ್ಷದ ಮಕ್ಕಳಿಗೆ ದಿನಾ ಎರಡು ಪುಟ ಕಾಪಿ ಬರೆಸಬೇಕಿತ್ತು. ಒಬ್ಬ ಹುಡುಗ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತಿದ್ದ. ಪುಟ ಮುಗಿಯಲಿ ಅಂತ ನಾನೇ ಅವನ ಕೈ ಹಿಡಿದು ತಿದ್ದಿಸಿದೆ. ಒಂದು ದಿನ ಪುಸ್ತಕ ತೆಗೆದ ಕೂಡಲೇ ಅಳಲು ಶುರು ಮಾಡಿದ. ಅದು ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಹುಟ್ಟಿದಾಗ ಅವು ಕಿವಿಯ ಹಾಲೆಯ ಮೇಲ್ಭಾಗದಂತೆ ಮೆತ್ತಗಿರುತ್ತವೆ, ಆಮೇಲೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷಕ್ಕೆ ಆ ಕೆಲಸ ಇನ್ನೂ ನಡೆದೇ ಇರುತ್ತದೆ. ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ನೋಡಿಕೊಂಡು ಸೊನ್ನೆ ಬರೆಯುತ್ತದೆ, ನಾಲ್ಕಕ್ಕೆ ಕೂಡಿಸುವ ಚಿಹ್ನೆ, ಐದರ ಹತ್ತಿರ ಚೌಕ. ತ್ರಿಕೋನ ಇನ್ನೂ ಸ್ವಲ್ಪ ತಡ, ಯಾಕೆಂದರೆ ಓರೆ ಗೆರೆ ಎಳೆಯುವುದು ಕಷ್ಟ. ಇಂಗ್ಲಿಷಿನ ಎ ಅಕ್ಷರದಲ್ಲಿ ಎರಡು ಓರೆ ಗೆರೆಗಳಿವೆ. ಮೊದಲ ದಿನವೇ ನಾವು ಕೊಡುವುದು ಅದನ್ನೇ ಅಲ್ವಾ?

ಮಣ್ಣು ಕಲಸಿ ಉಂಡೆ ಮಾಡುವಾಗ, ಮಣಿ ಪೋಣಿಸುವಾಗ, ಕಾಗದ ಹರಿದು ಅಂಟಿಸುವಾಗ ನಿಮ್ಮ ಮಗಳ ಬೆರಳುಗಳು ಬರೆಯುವುದಕ್ಕೇ ತಯಾರಾಗುತ್ತಿವೆ. ಮನೆಯಲ್ಲೂ ಚಪಾತಿ ಹಿಟ್ಟು ಕೊಡಿ. ಅವರೆಕಾಯಿ ಸುಲಿಯಲು ಜೊತೆಗೆ ಕೂರಿಸಿಕೊಳ್ಳಿ.

ಇನ್ನು ನೂರರ ತನಕ ಬರೆಯುವ ಹುಡುಗ. ಅವನನ್ನು ಕಡಿಮೆ ಅಂತ ಹೇಳುತ್ತಿಲ್ಲ. ಆದರೆ ಒಂದು ಹಿಡಿ ಮೆಕ್ಕೆಜೋಳದ ಕಾಳು ಮುಂದಿಟ್ಟು "ಏಳು ಕೊಡು" ಅಂತ ಇಬ್ಬರನ್ನೂ ಕೇಳಿ ನೋಡಿ. ನೂರು ಒಪ್ಪಿಸುವ ಎಷ್ಟೋ ಮಕ್ಕಳು ಏಳು ಅಂದರೆ ಕೈಗೆ ಬಂದಷ್ಟು ಬಾಚಿ ಕೊಡುತ್ತಾರೆ. ಒಂದು ಕಾಳಿಗೆ ಒಂದೇ ಸಂಖ್ಯೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದು. ಇದು ತಿಳಿಯಲು ತಿಂಗಳುಗಟ್ಟಲೆ ಕೈಯಲ್ಲಿ ಮುಟ್ಟಿ ಎಣಿಸಬೇಕು. ಎಣಿಸಿದ ಕಾಳುಗಳನ್ನೇ ದೂರ ದೂರ ಹರಡಿದರೆ "ಈಗ ಜಾಸ್ತಿ ಆಯ್ತು" ಅನ್ನುವ ವಯಸ್ಸು ಇದು. ಬೈಯಬೇಡಿ, ಮತ್ತೆ ಎಣಿಸಲು ಬಿಡಿ.

ಭಾಷೆಗೆ ಬರುತ್ತೇನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳಿದ್ದಾರೆ. ಬೆಳಗ್ಗೆ ಅರ್ಧ ಗಂಟೆ ಸುಮ್ನೆ ಮಾತು. ನಿನ್ನೆ ಏನು ತಿಂದೆ, ಅಜ್ಜಿ ಬಂದಿದ್ದರಾ? ಆಮೇಲೆ ಶಬ್ದದ ಆಟ: ಮಂಡಕ್ಕಿ, ಮಿರ್ಚಿ, ಮಳೆ, ಎಲ್ಲದರಲ್ಲೂ ಮೊದಲು ಏನು ಕೇಳಿಸುತ್ತದೆ? ಶಬ್ದ ಕಿವಿಗೆ ಬಿದ್ದ ಮಗುವಿಗೆ ಅಕ್ಷರ ಬೇಗ ಹತ್ತುತ್ತದೆ. ಸರಕಾರಿ ಶಾಲೆಗಳ ನಲಿ ಕಲಿಯಲ್ಲಿ ಅ ಆ ಇ ಈ ಬದಲು ರ ಗ ಸ ದ ಅ ಅಂತ ಶುರು ಮಾಡುತ್ತಾರೆ. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಬಹುದು. ನನಗೆ ಬಹಳ ಇಷ್ಟವಾದ ಕ್ರಮ ಅದು.

ಒಮ್ಮೆ ಯುಕೆಜಿ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಮರುದಿನ ಯಾರೂ ಹೇಳದೆ ಅವರೇ ಬ್ಲಾಕುಗಳಲ್ಲಿ ಏಳು ಸುತ್ತಿನ ಕೋಟೆ ಕಟ್ಟಲು ಕೂತರು. ನಾಲ್ಕನೇ ಸುತ್ತಿಗೆ ಬ್ಲಾಕು ಮುಗಿದವು. ಜಗಳವಾಯ್ತು. ಒಬ್ಬಳು ಗೋಡೆ ಗಿಡ್ಡ ಮಾಡೋಣ ಅಂದಳು, ಇನ್ನೊಬ್ಬ ಚಪ್ಪಲಿ ತಂದು ಜೋಡಿಸಿದ. ಕಿಂಡಿ ಬಿಟ್ಟರು. ಓಬವ್ವ ಯಾರಾಗಬೇಕು ಅಂತ ಸರದಿ ಮಾಡಿಕೊಂಡರು. ಎಣಿಕೆ, ಅಳತೆ, ಕಥೆ, ಮಾತು, ಸಿಟ್ಟು ತಡೆದುಕೊಂಡು ತನ್ನ ಸರದಿಗೆ ಕಾಯುವುದು, ಎಲ್ಲ ಆ ಒಂದು ಗಂಟೆಯಲ್ಲಿತ್ತು. ಬ್ಲಾಕುಗಳಿಂದ ಕಲಿಸಬಹುದು ಅಂತ ತೋರಿಸಿದವರು ಜರ್ಮನಿಯ ಫ್ರೋಬೆಲ್. 1837ರಲ್ಲಿ ಶುರು ಮಾಡಿದ ತಮ್ಮ ಶಾಲೆಗೆ 1840ರಲ್ಲಿ ಅವರು ಇಟ್ಟ ಹೆಸರೇ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ.

ಚಪ್ಪಲಿ ಹಾಕಿಕೊಳ್ಳುವುದು, ಗುಂಡಿ ಹಾಕುವುದು, ಬಾತ್‌ರೂಮಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳುವುದು. ಇವೂ ಪಾಠವೇ.

ಇದು ನನ್ನೊಬ್ಬಳ ಮಾತಲ್ಲ. ಕೇಂದ್ರ ಸರ್ಕಾರ 2022ರಲ್ಲಿ ತಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕ ಬೇಡ, ಪರೀಕ್ಷೆ ಸಲ್ಲದು ಅನ್ನುತ್ತದೆ. ಕಲಿಯುವುದು ಮನೆ ಮಾತಿನಲ್ಲಿ, ಆಟದ ಮೂಲಕ ಇರಬೇಕು ಅನ್ನುತ್ತದೆ.

ಆದರೂ ಆಟ ಅಂತ ಮಕ್ಕಳನ್ನು ಸುಮ್ನೆ ಬಿಟ್ಟುಬಿಡುವ ಕಡೆಗಳೂ ಇರುತ್ತವೆ. ಹಾಗಾಗಿ ಅನುಮತಿ ಕೇಳಿ ಒಂದು ಗಂಟೆ ಶಾಲೆಯಲ್ಲಿ ಕೂತು ಬನ್ನಿ. ಟೀಚರ್ ಮಕ್ಕಳ ಪಕ್ಕ ನೆಲದ ಮೇಲೆ ಕೂರುತ್ತಾರಾ, ಪ್ರಶ್ನೆ ಕೇಳುತ್ತಾರಾ, ಕಥೆ ಓದುತ್ತಾರಾ ನೋಡಿ. "ಈ ತಿಂಗಳು ನನ್ನ ಮಗಳು ಹೊಸದಾಗಿ ಏನು ಮಾಡುತ್ತಿದ್ದಾಳೆ?" ಅಂತ ಕೇಳಿ. ಮಗಳನ್ನು ಗಮನಿಸುವ ಟೀಚರ್ ತಡವರಿಸದೆ ಹೇಳುತ್ತಾರೆ. ಉತ್ತರವೇ ಬರದಿದ್ದರೆ ಆಗ ಬೇರೆ ಶಾಲೆ ಯೋಚಿಸಿ.

ಇನ್ನೊಂದು ಮಾತು. ಅವಳು ಪೂರ್ತಿ ವಾಕ್ಯ ಮಾತಾಡದಿದ್ದರೆ, ಕರೆದರೆ ತಿರುಗದಿದ್ದರೆ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮುಂದಕ್ಕೆ ಹಾಕಬೇಡಿ. ಅಂಥದ್ದೇನೂ ಇಲ್ಲದಿದ್ದರೆ, ಸಂಜೆ ಅವಳು ಬಂದಾಗ ಮಣ್ಣಲ್ಲಿ ಏನು ಮಾಡಿದೆ ಅಂತ ಕೇಳಿ. ಪೂರ್ತಿ ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಿ.