ಮಳೆ ಹಿಡಿದುಕೊಂಡಾಗ ಎಲ್ಲಿರಬೇಕು?

ಮಾನ್ಯರೇ,

ಎಲೆಕ್ಟ್ರಾನಿಕ್ ಸಿಟಿಯಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯನ್ನು ಮನ್ನಿಸಿ, ಇತರ ಓದುಗರಿಗೆ ಸಂದರ್ಭ ತಿಳಿಯಲೆಂದು ಪತ್ರದ ಸಾರಾಂಶವನ್ನಷ್ಟೇ ಇಲ್ಲಿ ಹೇಳುತ್ತೇನೆ. ತೀರ್ಥಹಳ್ಳಿಯ ಕಡೆ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತರಾದ ನೀವು ಈಗ ಮಗನ ಮನೆಯಲ್ಲಿದ್ದೀರಿ. ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಮತ್ತು ರಜಾದಿನಗಳಲ್ಲಿ ನಿಮ್ಮ ಜೊತೆಗಿರುತ್ತಾಳೆ. ಊರಿನಲ್ಲಿ ಆರಿದ್ರೆ, ಪುನರ್ವಸು ಮಳೆಗಳಲ್ಲೂ ಕೊಡೆ ಹಿಡಿದು ಶಾಲೆಗೆ ನಡೆದು ಹೋಗುತ್ತಿದ್ದ ನಿಮಗೆ ಬೆಂಗಳೂರಿನ ಒಂದು ಗಂಟೆಯ ಮಳೆ ದಿಗಿಲು ಹುಟ್ಟಿಸುತ್ತದೆ. ಮೋಡ ಕವಿದರೆ ಸಾಕು, ಮನೆಯವರು ಹೊರಗೆ ಹೋಗಬೇಡಿ ಎನ್ನುತ್ತಾರೆ. ಹೋದರೂ ಕಾರಿನಲ್ಲಿ ಮಾಲ್‌ಗೆ ಹೋಗಿ ಕಾರಿನಲ್ಲಿ ಮರಳುವುದಷ್ಟೇ. ‘ಇಷ್ಟು ದೊಡ್ಡ ಊರಿನಲ್ಲಿ ಮಳೆಯ ದಿನವನ್ನು ಸಂತೋಷವಾಗಿ ಕಳೆಯಲು ಬೇರೆ ಉಪಾಯವೇ ಇಲ್ಲವೇ?’ ಎಂದು ಕೇಳಿದ್ದೀರಿ.

ನಿಮ್ಮ ಮನೆಯವರ ಅಂಜಿಕೆಯನ್ನು ನಾನು ತಳ್ಳಿಹಾಕಲಾರೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನೀರು ತುಂಬಿಕೊಂಡು, ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ಈ ಊರು ಮರೆತಿಲ್ಲ. ಗಾಳಿಮಳೆಗೆ ರಸ್ತೆಬದಿಯ ಮರಗಳು ಉರುಳುವುದೂ ಉಂಟು. ಆದರೆ ಈ ಅಪಾಯಗಳೆಲ್ಲ ಇರುವುದು ದಾರಿಯಲ್ಲಿ, ಅದರಲ್ಲೂ ಮಳೆ ಸುರಿಯುವ ಹೊತ್ತಿನಲ್ಲೇ ಮನೆ ಸೇರಬೇಕೆಂದು ಧಾವಿಸುವವರ ದಾರಿಯಲ್ಲಿ. ಆದ್ದರಿಂದ ‘ಮಳೆಯಲ್ಲಿ ಎಲ್ಲಿಗೆ ಹೋಗಬೇಕು’ ಎಂಬುದಕ್ಕಿಂತ ‘ಮಳೆ ಹಿಡಿದುಕೊಂಡಾಗ ಎಲ್ಲಿ ಇದ್ದರೆ ಚೆನ್ನ’ ಎಂದು ಯೋಚಿಸಿ ಹೊರಡುವುದು ಮೇಲೆಂದು ನನ್ನ ಅಭಿಪ್ರಾಯ. ಎರಡು ಗಂಟೆ ಸಿಕ್ಕಿಹಾಕಿಕೊಂಡರೂ ಬೇಸರವಾಗದ ಜಾಗಕ್ಕೆ ಮಳೆಗಿಂತ ಮೊದಲೇ ಹೋಗಿ ಕುಳಿತುಬಿಡಬೇಕು. ಅದು ನಿಂತ ಮೇಲೆ ನಿಧಾನವಾಗಿ ಹೊರಡಬೇಕು.

ಇದು ಸಾಧ್ಯವಾಗುವುದು ಇಲ್ಲಿನ ಮಳೆಯ ಸ್ವಭಾವದಿಂದ. ನಿಮ್ಮ ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆಯಾದರೆ, ಬೆಂಗಳೂರಿನ ವಾರ್ಷಿಕ ಸರಾಸರಿ 1000 ಮಿ.ಮೀ.ಗಿಂತ ತುಸು ಕಡಿಮೆ. ಮಲೆನಾಡಿನಲ್ಲಿ ಜಡಿಮಳೆ ಕಟ್ಟುವ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಹೆಚ್ಚಾಗಿ ಮೋಡ, ತಂಗಾಳಿ, ಆಗೀಗ ತುಂತುರು. ಇಲ್ಲಿನ ದೊಡ್ಡ ಮಳೆಗಳು ಒಂದೋ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳಿನವು, ಇಲ್ಲವೇ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳವು. ಸರಾಸರಿ ಲೆಕ್ಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಇವು ಬಹುಮಟ್ಟಿಗೆ ಗುಡುಗು ಮಳೆಗಳು. ಹಗಲೆಲ್ಲ ಕಾದ ನೆಲದಿಂದ ಮೇಲೇರಿದ ಬಿಸಿ ತೇವಗಾಳಿ ಮೋಡ ಕಟ್ಟಿ, ಸಂಜೆಯ ಹೊತ್ತಿಗೆ ಅಥವಾ ರಾತ್ರಿ ಸುರಿದು ಹೋಗುತ್ತದೆ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಹೆಚ್ಚಿನ ದಿನಗಳಲ್ಲಿ ನಿಮಗೆ ಒಣ ದಾರಿ ಸಿಗುತ್ತದೆ. ವಾಯುಭಾರ ಕುಸಿತವಾಗಿ ದಿನವಿಡೀ ಮಳೆ ಹಿಡಿಯುವ ದಿನಗಳ ಮಾತು ಬೇರೆ. ಅಂಥ ದಿನ ಮನೆಯೇ ಲೇಸು.

ಇನ್ನೊಂದು ಸಂಗತಿಯೆಂದರೆ, ಈ ಗುಡುಗು ಮಳೆ ಊರಿಗೆಲ್ಲ ಒಂದೇ ಸಮನೆ ಬೀಳುವುದಿಲ್ಲ. ಯಲಹಂಕದಲ್ಲಿ ಚರಂಡಿ ಉಕ್ಕಿ ಹರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ‘ಮೇಘಸಂದೇಶ’ ಎಂಬ ಮೊಬೈಲ್ ಆ್ಯಪ್ ನಗರದ ಯಾವ ಭಾಗದಲ್ಲಿ ಎಷ್ಟು ಮಳೆಯಾಗಿದೆ ಎಂಬುದನ್ನು ತೋರಿಸುತ್ತದೆ. ಅದನ್ನು ನೋಡುವ ಜವಾಬ್ದಾರಿಯನ್ನು ಮೊಮ್ಮಗಳಿಗೇ ವಹಿಸಿಬಿಡಿ. ಅವಳು ಫೋನ್ ಬಿಡುವುದಿಲ್ಲವೆಂಬ ನಿಮ್ಮ ದೂರಿಗೆ ಅಷ್ಟರಮಟ್ಟಿನ ಪರಿಹಾರವೂ ಆದೀತು.

ದಾರಿಯ ಚಿಂತೆ ಈಗ ನಿಮ್ಮ ಮಟ್ಟಿಗೆ ಬಹಳ ಹಗುರವಾಗಿದೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಯವರೆಗೆ ಮೆಟ್ರೊದ ಹಳದಿ ಮಾರ್ಗ ತೆರೆದಿದೆ. ಎಲೆಕ್ಟ್ರಾನಿಕ್ ಸಿಟಿ ನಿಲ್ದಾಣದಲ್ಲಿ ಹತ್ತಿದರೆ, ಹಿಂದೆ ಮಳೆಯ ಸಂಜೆಗಳಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಮೇಲೆ ಹಾದು ಹೋಗುತ್ತೀರಿ. ಈ ಪ್ರಯಾಣವನ್ನೇ ಒಂದು ವಿಹಾರವೆಂದು ಎಣಿಸಬಹುದು. ಹಳದಿ ಮಾರ್ಗವೆಲ್ಲ ಎತ್ತರದಲ್ಲಿದೆ. ಸಿಲ್ಕ್ ಬೋರ್ಡ್‌ನಿಂದ ರಾಗಿಗುಡ್ಡದವರೆಗೆ ಕೆಳಗೊಂದು ರಸ್ತೆ, ಅದರ ಮೇಲೊಂದು ಮೇಲ್ಸೇತುವೆ, ಅದರ ಮೇಲೆ ರೈಲು. ದೂರದಿಂದ ಮಳೆಯ ತೆರೆಯೊಂದು ಮನೆಗಳ ತಾರಸಿಗಳನ್ನು ಒಂದೊಂದಾಗಿ ಮರೆಮಾಡುತ್ತ ನಿಮ್ಮತ್ತ ಬರುವುದನ್ನು ಜಯದೇವ ಆಸ್ಪತ್ರೆ ನಿಲ್ದಾಣದ ಎತ್ತರದಿಂದ ನೋಡಬೇಕು. ಸಮತಟ್ಟಾದ ಈ ಊರಿನಲ್ಲಿ ಆ ನೋಟ ಸುಲಭಕ್ಕೆ ಸಿಗುವುದಲ್ಲ. ಕಚೇರಿ ಬಿಡುವ ವೇಳೆಯನ್ನು ಮಾತ್ರ ತಪ್ಪಿಸಿ, ಇಲ್ಲವಾದರೆ ಕಿಟಕಿಯೂ ಕಾಣದು. ನೀವಿಬ್ಬರೂ ಕರ್ನಾಟಕದ ನಿವಾಸಿಗಳಾದ್ದರಿಂದ ಸಾಮಾನ್ಯ ಬಿಎಂಟಿಸಿ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದ್ದೇ ಇದೆ. ಆದರೆ ಮಳೆ ಸುರಿಯುವಾಗ ಬಸ್ಸನ್ನು ನೆಚ್ಚಿಕೊಳ್ಳುವುದು ಬೇಡ.

ಹೋಗಬೇಕಾದ ಜಾಗಗಳಲ್ಲಿ ನಾನು ಮೊದಲು ಹೇಳುವುದು ಕಸ್ತೂರಬಾ ರಸ್ತೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೂ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೂ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆಯಬೇಕು. ಅಲ್ಲಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು 1962ರಲ್ಲಿ ನೆಹರೂ ಉದ್ಘಾಟಿಸಿದರು. ರೈಟ್ ಸೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ, ತಿರುಗಿಸಿ ಒತ್ತಿ ಎಳೆದು ನೋಡಬಹುದಾದ ಯಂತ್ರಗಳು, ಎಲ್ಲ ಮಕ್ಕಳೂ ಮೊದಲು ಓಡುವ ಡೈನೋಸಾರ್ ಅಲ್ಲಿವೆ. ಅಲ್ಲಿ ಎರಡು ಗಂಟೆ ಯಾರಿಗೂ ಸಾಲುವುದಿಲ್ಲ. ಮಳೆ ಇನ್ನೊಂದು ಗಂಟೆ ಬಂದರೆ ಮಕ್ಕಳಿಗೆ ಸಂತೋಷವೇ.

ಆದರೆ ನಿಮ್ಮಂಥ ಶಿಕ್ಷಕಿಗೆ ನಾನು ತೋರಿಸಬೇಕೆಂದಿರುವುದು ಅದರ ನೆರೆಯ ಕೆಂಪು ಕಟ್ಟಡವನ್ನು. ಸರ್ಕಾರಿ ವಸ್ತುಸಂಗ್ರಹಾಲಯ 1865ರಷ್ಟು ಹಳೆಯದು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ, ಹತ್ತನೆಯ ಶತಮಾನದ ನಡುವಿನ ಒಂದು ವೀರಗಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿದ್ದ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ತನ್ನ ಸೇವಕ ಮಣಲೇರನಿಗೆ ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದ. ಮಣಲೇರ ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; ‘ಕಾಳಿ’ ಎಂಬ ಹೆಸರಿನ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೇರ ತನ್ನ ನಾಯಿಗಾಗಿ ಈ ಕಲ್ಲು ನಿಲ್ಲಿಸಿ, ಅದರ ಪೂಜೆ ನಡೆಯುವಂತೆ ಭೂಮಿ ಬಿಡಿಸಿದ. ಕಲ್ಲಿನ ಹತ್ತಿರ ನಿಂತು ನೋಡಿದರೆ ಹಂದಿಯ ಮೇಲೆರಗಿದ ನಾಯಿಯ ಕೆತ್ತನೆ, ಅದರ ಸುತ್ತ ಹಳಗನ್ನಡದ ದುಂಡನೆಯ ಅಕ್ಷರಗಳು ಕಾಣುತ್ತವೆ. ಒಂದೆರಡು ಅಕ್ಷರಗಳನ್ನಾದರೂ ಮೊಮ್ಮಗಳು ಗುರುತಿಸಬಹುದೇ ಎಂದು ಪ್ರಯತ್ನಿಸಿ. ಸಮಯ ಹೇಗೆ ಹೋಯಿತೆಂದು ತಿಳಿಯುವುದಿಲ್ಲ. ಬಹುತೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ದುರಸ್ತಿಯ ಕಾರಣಕ್ಕೆ ಬಾಗಿಲು ಮುಚ್ಚಿರುವುದೂ ಉಂಟು. ಆದ್ದರಿಂದ ಫೋನ್ ಮಾಡಿ ವಿಚಾರಿಸಿಕೊಂಡೇ ಹೊರಡಿ.

ಅದೇ ಆವರಣದ ಹಿಂದೆ ಕಬ್ಬನ್ ಪಾರ್ಕಿನೊಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ಕೇಂದ್ರ ಗ್ರಂಥಾಲಯ ಇರುವುದು ಅಲ್ಲಿಯೇ. ಎತ್ತರದ ಸೂರಿನ ಕೆಳಗೆ ಪತ್ರಿಕೆ ಓದುತ್ತ ಕುಳಿತವರನ್ನು ಯಾರೂ ಏಳಿ ಎನ್ನುವುದಿಲ್ಲ. ಗಾಳಿ ಎದ್ದಾಗ ಮಾತ್ರ ಪಾರ್ಕಿನ ಮರಗಳ ಕೆಳಗೆ ನಡೆಯುವ ಆಸೆಯನ್ನು ಹತ್ತಿಕ್ಕಿಕೊಳ್ಳಿ. ಟಿ. ಚೌಡಯ್ಯ ರಸ್ತೆಯ ನೆಹರು ತಾರಾಲಯವೂ ಇಲ್ಲಿಂದ ಬಹಳ ದೂರವಲ್ಲ, ಕನ್ನಡದಲ್ಲಿಯೂ ಪ್ರದರ್ಶನಗಳಿರುತ್ತವೆ. ಮೋಡ ಮುಚ್ಚಿದ ತಿಂಗಳುಗಳಲ್ಲಿ ನಕ್ಷತ್ರ ನೋಡಲು ಬೆಂಗಳೂರಿಗರಿಗೆ ಉಳಿದಿರುವ ಜಾಗ ಅದೊಂದೇ.

ಎರಡನೆಯದು ಗಾಂಧಿ ಬಜಾರ್. ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆದೋ ಆಟೊ ಹಿಡಿದೋ ಹೋಗಬಹುದು. ಮಳೆ ಬರುವ ಮುನ್ನ ಹೂವಿನ, ಗ್ರಂಧಿಗೆಯ ಅಂಗಡಿಗಳನ್ನು ನೋಡಿ ಮುಗಿಸಿ. ನೆಲ ಒದ್ದೆಯಾದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆ ಶುರುವಾಗುವ ಹೊತ್ತಿಗೆ ಅಂಕಿತ ಪುಸ್ತಕದಂಥ ಕನ್ನಡ ಪುಸ್ತಕದ ಅಂಗಡಿಯಲ್ಲೋ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದಲ್ಲೋ ಇರುವಂತೆ ನೋಡಿಕೊಳ್ಳಿ. ತೋಳಿನ ಉದ್ದಕ್ಕೂ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಮೇಜಿನ ಬಳಿ ಬಂದು ಇನ್ನೊಂದು ಕೈಯಿಂದ ಒಂದೊಂದಾಗಿ ಇಳಿಸುವ ಅಲ್ಲಿನ ಬಡಿಸುವವರ ಚಾಕಚಕ್ಯವನ್ನು ಮೊಮ್ಮಗಳು ಕಣ್ಣು ಮಿಟುಕಿಸದೆ ನೋಡುವಳು. ಶುಕ್ರವಾರ ಅವರಿಗೆ ರಜೆ. ಭಾನುವಾರವಂತೂ ಬೇಡ, ಬಾಗಿಲ ಹೊರಗೆ ಸರದಿಗಾಗಿ ನೆನೆಯುತ್ತ ನಿಲ್ಲುವುದು ಯಾವ ದೋಸೆಗೂ ತಕ್ಕ ಬೆಲೆಯಲ್ಲ. ಹತ್ತಿರದ ಬಿ.ಪಿ. ವಾಡಿಯಾ ರಸ್ತೆಯಲ್ಲಿ, 1945ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಅಲ್ಲಿನ ಗ್ರಂಥಾಲಯ, ಸಂಜೆಯ ಉಪನ್ಯಾಸ ಮತ್ತು ಸಂಗೀತ ಕಾರ್ಯಕ್ರಮಗಳು ಬಸವನಗುಡಿಯ ಹಿರಿಯರಿಗೆ ಚಿರಪರಿಚಿತ. ನಿಮ್ಮ ವಯಸ್ಸಿನ ಹೊಸ ಸ್ನೇಹಿತೆಯರು ಸಿಗುವ ಸಂಭವ ಮಾಲ್‌ಗಿಂತ ಅಲ್ಲಿ ಹೆಚ್ಚು.

ಸಂಜೆಯನ್ನೇ ಹೊರಗೆ ಕಳೆಯಬೇಕೆಂದಿದ್ದರೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ. ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣದಿಂದ ಅದು ದೂರವಿಲ್ಲ. 2004ರಲ್ಲಿ ಶಂಕರ್‌ನಾಗ್ ಅವರ ನೆನಪಿಗೆ ಕಟ್ಟಿದ ಈ ರಂಗಮಂದಿರದಲ್ಲಿ ಸೋಮವಾರ ಬಿಟ್ಟು ಹೆಚ್ಚಿನ ದಿನಗಳಲ್ಲಿ ಏಳೂವರೆಗೆ ನಾಟಕವಿರುತ್ತದೆ. ಮಕ್ಕಳಿಗಾಗಿಯೇ ‘ಆಹಾ!’ ಎಂಬ ಹೆಸರಿನಲ್ಲಿ ನಾಟಕಗಳನ್ನು ಆಡಿಸುತ್ತಾರೆ. ನಾಟಕ ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಅವರು ಯಾರಿಗಾಗಿಯೂ ಸಡಿಲಿಸುವುದಿಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಐದು ನಿಮಿಷ ತಡವಾದವರು ಮುಚ್ಚಿದ ಬಾಗಿಲನ್ನು ನೋಡಿ ಮರಳುವುದು ಮಳೆಗಾಲದಲ್ಲಿ ಅಪರೂಪವೇನಲ್ಲ. ನಿಮಗೆ ಈ ನಿಯಮದಿಂದ ಅನುಕೂಲವೇ. ಐದು ಗಂಟೆಗೇ ತಲುಪಿ, ಅಲ್ಲಿನ ಕೆಫೆಯಲ್ಲಿ ಏನಾದರೂ ತಿಂದು, ಪುಸ್ತಕದ ಅಂಗಡಿಯನ್ನು ತಿರುವಿಹಾಕಿ ಕುಳಿತರೆ ಹೊರಗೆ ಎಷ್ಟು ಸುರಿದರೂ ಚಿಂತೆಯಿಲ್ಲ. ನಾಟಕ ಮುಗಿಯುವ ಹೊತ್ತಿಗೆ ಮಳೆಯೂ ವಾಹನದಟ್ಟಣೆಯೂ ಹೆಚ್ಚಾಗಿ ಇಳಿದಿರುತ್ತವೆ.

ಲಾಲ್‌ಬಾಗ್ ಮಳೆಯ ಹೊತ್ತಿನ ಜಾಗವಲ್ಲ, ಮಳೆಯ ಮರುದಿನದ ಜಾಗ. ರಾತ್ರಿ ಸುರಿದು ಬೆಳಗ್ಗೆ ಬಿಸಿಲು ಬಂದರೆ ಏಳು ಗಂಟೆಗೇ ಹೋಗಿ. ಕೆಂಪೇಗೌಡ ಗೋಪುರವಿರುವ ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು; ಅದರ ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಆಕಾಶ ಕಾಣುತ್ತದೆ. ಹಾವಸೆ ಕಟ್ಟಿದ ಕಡೆ ಜಾರುತ್ತದೆ, ಗುಡುಗುವಾಗ ಬಂಡೆಯ ಮೇಲಿರಲೇಬಾರದು ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಮಾಲ್‌ಗಳ ಬಗ್ಗೆ ನೀವು ಕೊಂಚ ಕಟುವಾಗಿ ಬರೆದಿದ್ದೀರಿ. ಚಕ್ರಕುರ್ಚಿ ಬಳಸುವವರು, ಎಳೆಯ ಮಗು ಇರುವವರು ಮಳೆಯಲ್ಲಿ ನೆಮ್ಮದಿಯಾಗಿ ಅಡ್ಡಾಡಬಹುದಾದ ಜಾಗಗಳು ಈ ಊರಿನಲ್ಲಿ ಅವಷ್ಟೇ ಇರುವಾಗ ಅವನ್ನು ಹಳಿಯಲು ನನಗೆ ಮನಸ್ಸಿಲ್ಲ.

ಇನ್ನು ಮನೆಯಲ್ಲೇ ಇರಬೇಕಾದ ದಿನಗಳು. ಬಜ್ಜಿ, ಹಲಸಿನ ಹಪ್ಪಳಗಳ ಬಗ್ಗೆ ನಿಮಗೆ ನಾನು ಹೇಳುವುದೇನೂ ಇಲ್ಲ. ನೇರ ಗೋಡೆಯ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಾರಸಿಯಲ್ಲಿ, ಗೋಡೆಯ ಮರೆಯಿಲ್ಲದ ಕಡೆ ಅಲುಗದಂತೆ ಇಡಿಸಿ. ಬೆಳಗ್ಗೆ ಎಂಟೂವರೆಗೆ ಮೊಮ್ಮಗಳು ಅದರಲ್ಲಿ ನಿಂತ ನೀರಿನ ಆಳವನ್ನು ಸ್ಕೇಲಿನಿಂದ ಅಳೆದು ಬರೆಯಲಿ. ಶಾಲೆ ಇರುವ ದಿನ ಆ ಕೆಲಸ ನಿಮ್ಮದಾಗಲಿ. ಡಬ್ಬಿಯ ಬಾಯಿ ಎಷ್ಟೇ ಅಗಲವಿರಲಿ, ಆ ಆಳವೇ ಮಿಲಿಮೀಟರಿನಲ್ಲಿ ಅಂದಿನ ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 100 ಚದರ ಮೀಟರಿನ ತಾರಸಿಯ ಮೇಲೆ 20 ಮಿ.ಮೀ. ಮಳೆಗೆ 2000 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಈ ಲೆಕ್ಕ ಬಲುಬೇಗ ಅರ್ಥವಾಗುತ್ತದೆ. ಆಸಕ್ತಿ ಹುಟ್ಟಿದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯವರು ಮಾಡಿರುವ ಮಳೆನೀರು ಕೊಯ್ಲಿನ ಉದ್ಯಾನಕ್ಕೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ. ಮಾದರಿಗಳ ಮೂಲಕ ವಿವರಿಸಿರುವುದರಿಂದ ಮಕ್ಕಳಿಗೂ ತಿಳಿಯುತ್ತದೆ.

ಪುಸ್ತಕದಲ್ಲಿ ತಾರೀಖಿನ ಪಕ್ಕಕ್ಕೆ ಮಳೆ ನಕ್ಷತ್ರದ ಹೆಸರನ್ನೂ ಬರೆಸಿ, ತೀರ್ಥಹಳ್ಳಿಯಲ್ಲಿರುವ ನೆಂಟರಿಂದ ಅಲ್ಲಿನ ಅಳತೆಯನ್ನು ಕೇಳಿ ಇನ್ನೊಂದು ಕಾಲಂನಲ್ಲಿ ತುಂಬಿಸಿ. ಉತ್ತರೆಯಿಂದ ಚಿತ್ತೆಯವರೆಗಿನ ಲೆಕ್ಕವನ್ನು ಮೊಮ್ಮಗಳ ಕೈಬರಹದಲ್ಲೇ ನಮಗೆ ಕಳುಹಿಸಿದರೆ, ದೀಪಾವಳಿಯ ನಂತರದ ಸಂಚಿಕೆಯ ಮಕ್ಕಳ ಪುಟದಲ್ಲಿ ಅದಕ್ಕೆ ಜಾಗ ಕಾದಿರಿಸುತ್ತೇನೆ.

— ಸಂಪಾದಕ